ಪುಲಕೇಶಿಯ ಟೇಲರ್ ಕಾಕಾ

ಊರಿಗೊಬ್ಬ ಇಂಥವನು ಇದ್ದೇ ಇರುತ್ತಾನೆ. ಶಾಲೆಯ ಗ್ಯಾದರಿಂಗಿನಲ್ಲಿ ಒನಕೆ ಓಬವ್ವ ವೇದಿಕೆ ಹತ್ತಿದರೆ ಎಲ್ಲರೂ ಒನಕೆ ನೋಡುತ್ತಾರೆ. ಇವನು ಸೀರೆಯ ದಡಿ ನೋಡುತ್ತಾನೆ. ಬಸವ ಜಯಂತಿಯ ಮೆರವಣಿಗೆಯಲ್ಲಿ ಪುಟ್ಟ ಬಸವಣ್ಣ ಕುದುರೆಯೇರಿ ಬಂದರೆ ಜನ ಕೈಮುಗಿಯುತ್ತಾರೆ, ಇವನು ಪಕ್ಕದವನ ಕಿವಿಯಲ್ಲಿ, "ಹನ್ನೆರಡನೇ ಶತಮಾನದಾಗ ಟೆರಿಕಾಟ್ ಎಲ್ಲಿತ್ತೋ ತಮ್ಮಾ?" ಎಂದು ಪಿಸುಗುಟ್ಟುತ್ತಾನೆ. ಪಕ್ಕದವನು ಹುಡುಗನ ಅಪ್ಪನೇ ಆಗಿದ್ದರೆ ಆಮೇಲಿನ ಕತೆ ಬೇರೆ.

ನಮ್ಮ ಇಳಕಲ್ಲಿನಲ್ಲಿ ಈ ರೋಗ ಬರುವುದು ಸಹಜ. ಓಣಿಯಲ್ಲಿ ಮಗ್ಗದ ಸಪ್ಪಳ, ಬಸ್ಸು ಹತ್ತಿದರೆ ಐಹೊಳೆ, ಪಟ್ಟದಕಲ್ಲು, ಬಾದಾಮಿ. ಬಟ್ಟೆಯೂ ನಮ್ಮದೇ, ರಾಜರೂ ನಮ್ಮವರೇ ಎಂಬ ಧೈರ್ಯ ಎಂಥವನನ್ನೂ ಕೆಡಿಸುತ್ತದೆ. ಜನರ ಚಟಗಳನ್ನೆಲ್ಲ ಜೋಳಿಗೆಗೆ ಹಾಕಿಸಿಕೊಂಡು ಹೊರಟ ಮಹಾಂತ ಸ್ವಾಮಿಗಳ ಊರು ನಮ್ಮದು. ಬೀಡಿ ಬಿಟ್ಟವರುಂಟು, ಸೆರೆ ಬಿಟ್ಟವರುಂಟು. ನಮ್ಮ ಕಾಕಾನೂ ಬಂದು ತಂಬಾಕಿನ ಚೀಲ ಹಾಕಿಹೋದ. ಆದರೆ ಇತಿಹಾಸದ ಚಟವನ್ನು ಮನೆಯಲ್ಲೇ ಬಚ್ಚಿಟ್ಟು ಬಂದಿದ್ದ.

ಕಾಕಾನ ವಯಸ್ಸು ಎಪ್ಪತ್ತು ದಾಟಿದೆ. ಕಿವಿಗೆ ಸಿಕ್ಕಿಸಿದ ಮೋಟು ಪೆನ್ಸಿಲ್ಲು, ದಾರ ಕಟ್ಟಿದ ಚಷ್ಮಾ, ಕೊರಳಲ್ಲಿ ಅರವತ್ತು ಇಂಚಿನ ಹಳದಿ ಟೇಪು. ಆ ಟೇಪು ಇಲ್ಲದೆ ಅವನನ್ನು ಕಂಡವರು ಊರಲ್ಲಿ ಯಾರೂ ಇಲ್ಲ. ಮದುವೆ ಊಟಕ್ಕೂ ಅದನ್ನು ಹಾಕಿಕೊಂಡೇ ಬರುತ್ತಾನೆ. ವೃತ್ತಿಯಿಂದ ಟೇಲರ್. ಅವನ ಸಂಶೋಧನೆಯ ಸಾರಾಂಶ ಮಾತ್ರ ಇಷ್ಟೇ: ಚಾಲುಕ್ಯರ ಕಾಲದಲ್ಲಿ ಟೇಲರ್ ಬೇಕಾಗಿರಲಿಲ್ಲ. ತನ್ನ ಅಂಗಡಿಗೆ ತಾನೇ ಕೀಲಿ ಹಾಕುವ ಸಿದ್ಧಾಂತವನ್ನು ಇಷ್ಟು ಹುರುಪಿನಿಂದ ಪ್ರಚಾರ ಮಾಡುವ ಇನ್ನೊಬ್ಬನನ್ನು ನಾನು ಕಂಡಿಲ್ಲ.

"ಹೊಲದ ಬಟ್ಟಿ ಪುಲಕೇಶಿ ಮೈಮ್ಯಾಲೆ ಎಲ್ಲಿಂದ ಬರಬೇಕ್ರಿ ಮಾಸ್ತರ? ಹ್ಯೂಯೆನ್ ತ್ಸಾಂಗ್ ಬರದಿಟ್ಟಾನ, ಈ ದೇಶದ ಮಂದಿ ಬಟ್ಟಿ ಕತ್ತರಸಂಗಿಲ್ಲ, ಸುತಗೋತಾರ ಅಂತ. ಅವ ಪುಲಕೇಶಿ ರಾಜ್ಯಕ್ಕ ಬಂದು ಹ್ವಾದಾವ. ನೀವು ಹೋಗಿದ್ರೇನು?"

ನಾನು ಹೋಗಿರಲಿಲ್ಲ. ಆದರೂ ಮಾಸ್ತರಿಕೆಯ ಮಾನ ಉಳಿಸಿಕೊಳ್ಳಲು ಅಜಂತಾದ ಚಿತ್ರಗಳಲ್ಲಿ ಹೊಲಿದ ಅಂಗಿ ತೊಟ್ಟವರಿದ್ದಾರಲ್ಲ ಎಂದೆ. "ಅದಾರ. ಯಾರವರು? ಆಳುಗಳು, ಪರದೇಶದಿಂದ ಬಂದಾವ್ರು. ಅರಸ ಉಡತಾನ, ಆಳು ತೊಡತಾನ" ಎಂದ. ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ರಾಜನ ಬಟ್ಟೆಗೆಂದೇ ಒಂದು ಭಾಗವಿದೆ, ಯಾವ ಋತುವಿಗೆ ಯಾವ ವಸ್ತ್ರ ಎಂದೂ ಹೇಳಿದೆ ಎಂದು ಕಡೆಯ ಅಸ್ತ್ರ ಬಿಟ್ಟೆ. ಕಾಕಾ ಚಷ್ಮಾ ಮೇಲೇರಿಸಿದ. "ಅಂವ ಕಲ್ಯಾಣದ ಚಾಲುಕ್ಯ, ಇಂವ ಬಾದಾಮಿ ಚಾಲುಕ್ಯ. ನಡುವ 500 ವರ್ಷ. ನಿಮ್ಮ ಪ್ಯಾಂಟ್ ಒಯ್ದು ಕೃಷ್ಣದೇವರಾಯಗ ತೊಡಸ್ತೀರೇನು?"

ಇನ್ನು ಅವನ ಸಣ್ಣಪುಟ್ಟ ಉಪದ್ರವಗಳು. ಮದುವೆಮನೆಯಲ್ಲಿ ಕಂಡವರ ಸೆರಗು ಹಿಡಿದು ತಿರುವಿ ನೋಡುತ್ತಾನೆ. ಯಾವ ಬಟ್ಟೆ ಕೈಗೆ ಸಿಕ್ಕರೂ ಮೊದಲ ಪ್ರಶ್ನೆ, "ಹಾಸು ಯಾವುದು, ಹೊಕ್ಕು ಯಾವುದು?" ಉತ್ತರ ಹೇಳಿದರೆ ನಂಬುವುದಿಲ್ಲ. ಬದಿಯಿಂದ ಒಂದು ಎಳೆ ಹಿರಿದು ಕಡ್ಡಿ ಗೀರುತ್ತಾನೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕರಗಿ ಮಣಿಯಾಗಿ ಗಟ್ಟಿಯಾದರೆ "ಪ್ಲಾಸ್ಟಿಕ್ ಬಕೀಟ್ ಉಟಗೊಂಡೀರಿ" ಎಂಬ ತೀರ್ಪು. ಪರೀಕ್ಷೆಗೆ ಹೊತ್ತು ಗೊತ್ತು ನೋಡಿದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ನನ್ನ ತಂಗಿಯ ನಿಶ್ಚಯದಲ್ಲಿ ಬೀಗರು ತಂದ ಸೀರೆಯ ಎಳೆಯನ್ನು ಬೀಗರ ಎದುರಿಗೇ ಸುಟ್ಟ. ಮಣಿ ಆಯಿತು. ಆ ಸಂಬಂಧ ಉಳಿದದ್ದು ನಮ್ಮವ್ವನ ಹೋಳಿಗೆಯಿಂದ.

'ಕಿತ್ತೂರು ಚೆನ್ನಮ್ಮ' ಚಿತ್ರ ಟೀವಿಯಲ್ಲಿ ಬಂದರೆ ಸರೋಜಾದೇವಿಯವರ ಮಾತಿಗೆ ನಾವು ಕಣ್ಣೊರೆಸಿಕೊಳ್ಳುತ್ತೇವೆ, ಕಾಕಾ ಕುಪ್ಪಸದ ತೋಳಿನ ಹೊಲಿಗೆ ಎಣಿಸುತ್ತಾನೆ. ಚೆನ್ನಮ್ಮನ ವೇಷಕ್ಕೆ ಸ್ಯಾಟಿನ್ ಹಿಡಿದು ಬಂದ ತಾಯಂದಿರನ್ನು ತಿರುಗಿಸಿ ಕಳಿಸುತ್ತಾನೆ. "ಗುಳೇದಗುಡ್ಡದ ಖಣ ತರ್ರಿ, ನಿಮ್ಮವ್ವನ ಹಳೀ ಸೀರಿ ತರ್ರಿ, ಕಚ್ಚಿ ಹಾಕಿ ಉಡಸ್ರಿ. 1824ರಾಗ ಆಕಿ ಕುದುರಿ ಹತ್ತಿದ್ದು ಹಿಂಗಲ್ಲ." ಖಣ ಸಿಕ್ಕದೆ ಹುಡುಗಿ ಅತ್ತದ್ದುಂಟು. ಆದರೆ ಅವನು ಹೇಳಿದ ಹಾಗೆ ಉಟ್ಟ ಹುಡುಗಿ ವೇದಿಕೆಯಲ್ಲಿ ನಿಂತಾಗ ಹಿಂದಿನ ಸಾಲಿನ ಮುದುಕಿಯರು ಸೆಟೆದು ಕೂತದ್ದೂ ಉಂಟು. ತಮ್ಮ ಅವ್ವನನ್ನೇ ಕಂಡ ಹಾಗೆ.

ನಾನು ಅವನ ಕೈಗೆ ಸಿಕ್ಕದ್ದು ನಮ್ಮ ಮಾಸ್ತರರ ನಾಟಕದ ವರ್ಷ. ಇಮ್ಮಡಿ ಪುಲಕೇಶಿಯ ಪಾತ್ರ ನನಗೆ ಬಂತು. ನನ್ನ ಕಂಠ ಗಟ್ಟಿ ಎಂದು ಹೇಳಿದರು. ಬೇರೆ ಯಾರೂ ಮಾತು ಬಾಯಿಪಾಠ ಮಾಡಲು ಒಪ್ಪಲಿಲ್ಲ ಎಂಬುದು ಆಮೇಲೆ ತಿಳಿಯಿತು. ನನ್ನ ಮನಸ್ಸಿನಲ್ಲಿದ್ದ ಪುಲಕೇಶಿ ಬನಶಂಕರಿ ಜಾತ್ರೆಯ ನಾಟಕಗಳಲ್ಲಿ ಕಂಡ ಅರಸರಂಥವನು: ಕೆಂಪು ಮಖಮಲ್ಲಿನ ಕೋಟು, ಎದೆ ತುಂಬ ಚಮಕಿ, ಭುಜದಲ್ಲಿ ಜರಿಯ ಗೊಂಡೆ. ಬಾಡಿಗೆಗೂ ಮಾತಾಡಿಟ್ಟಿದ್ದೆ. ಕಾಕಾ ಅಡ್ಡ ಬಂದ. "ಬಾದಾಮಿ ಗುಹೆದಾಗ ಒಂದರೆ ಮಖಮಲ್ಲಿನ ಕೋಟು ತೋರಸ್ರಿ, ನಾಳೆ ಅಂಗಡಿ ಮುಚ್ಚತೀನಿ."

ತೋರಿಸಲು ಬಾದಾಮಿಗೆ ಹೋದೆವು. ಮೂರನೆಯ ಗುಹೆ; ಮಂಗಳೇಶ ಮಾಡಿಸಿದ್ದು, ಕ್ರಿ.ಶ. 578ರ ಶಾಸನವಿದೆ. ಜನ ಅಲ್ಲಿ ಆದಿಶೇಷನ ಮೇಲೆ ಕೂತ ವಿಷ್ಣುವನ್ನು ನೋಡುತ್ತಾರೆ. ಕಾಕಾ ಕತ್ತು ಮೇಲೆತ್ತಿ ಕಂಬದ ತಲೆಯಲ್ಲಿರುವ ಜೋಡಿ ಮೂರ್ತಿಗಳ ನಡು ನೋಡಿದ. ಟೇಪು ಬಿಚ್ಚಿ ಗಾಳಿಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆದ. ಕಾವಲುಗಾರ ಬಂದ. "ಮುಟ್ಟಿಲ್ರಿ, ಮಾಪು ತಗೋಳಾಕತ್ತೀನಿ." "ಯಾರದು?" "ಅರಸರದು." ಅಷ್ಟರಲ್ಲಿ ಮಂಗವೊಂದು ಟೇಪಿನ ತುದಿ ಹಿಡಿದು ಜಗ್ಗಿತು. ಚಾಲುಕ್ಯರ ನಡುವಿನ ಅಳತೆಗೆ ಬಾದಾಮಿಯ ಮಂಗನೇ ಸಾಕ್ಷಿ.

ಮರಳುವಾಗ ಬಸ್ಸಿನಲ್ಲಿ ಪಾಠ. ಬಟ್ಟೆ ದಪ್ಪವಾದರೆ ನಿರಿಗೆ ಗೋಣಿಚೀಲದಂತೆ ನಿಲ್ಲುತ್ತದೆ. ತೀರ ತೆಳುವಾದರೆ ದೀಪದ ಬೆಳಕಿಗೆ ಒಳಗಿನದೆಲ್ಲ ಕಾಣುತ್ತದೆ. ಪಾಲಿಸ್ಟರ್ ಜಾರುತ್ತದೆ, ಮಿಂಚುತ್ತದೆ, ಮೈಗೆ ಒಗ್ಗುವುದಿಲ್ಲ. ಕೈಮಗ್ಗದ ಹತ್ತಿಯನ್ನು ನಾಲ್ಕು ಸಲ ಒಗೆದು ಮಿದು ಮಾಡಿ, ತಿಳಿಗಂಜಿ ಕೊಟ್ಟರೆ ಮಾತ್ರ ಕಲ್ಲಿನ ಮೇಲಿನ ಗೆರೆಯಂಥ ಮಡಿಕೆ ತೊಡೆಯ ಮೇಲೆ ಬೀಳುತ್ತದೆ. ಇದೆಲ್ಲ ನಿಜವೆಂದು ಈಗ ಒಪ್ಪುತ್ತೇನೆ. ಆಗ ನನ್ನ ಚಿಂತೆ ಬೇರೆ ಇತ್ತು. ಕಲ್ಲಿನವನ ನಡು ಮುಷ್ಟಿಯಷ್ಟು. ನನ್ನದನ್ನು ಅಳೆದ ಕಾಕಾ ಗೋಡೆಯ ಮೇಲೆ 44 ಎಂದು ಬರೆದು, ಸ್ವಲ್ಪ ಹೊತ್ತು ಆ ಅಂಕಿಯನ್ನೇ ನೋಡಿ, "ಹಂಗಂದ್ರ ಬಟ್ಟಿ ಜಾಸ್ತಿ ಬೇಕು" ಎಂದಷ್ಟೇ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು.

ನಾಟಕದ ರಾತ್ರಿ ಅವನೇ ಉಡಿಸಿದ. ಹುಕ್ಕಿಲ್ಲ, ಲಾಡಿಯಿಲ್ಲ, ಇಲಾಸ್ಟಿಕ್ ಇಲ್ಲ. ಕಚ್ಚೆ ಸಡಿಲ ಅನಿಸಿ, ಒಂದು ಪಿನ್ನಾದರೂ ಹಾಕು ಮಾರಾಯ ಎಂದು ಬೇಡಿಕೊಂಡೆ. "ಸೇಫ್ಟಿ ಪಿನ್ನು 1849ರಾಗ ಅಮೇರಿಕಾದಾಗ ಹುಟ್ಟಿದ್ದು. ಪುಲಕೇಶಿ ಪಿನ್ನು ಹಾಕ್ಕೊಂಡ ನರ್ಮದಾ ದಂಡಿಗೆ ಹೋಗಿದ್ನೇನು?"

ನರ್ಮದೆಯ ದಂಡೆಯವರೆಗೆ ಎಲ್ಲ ನೆಟ್ಟಗೆ ಹೋಯಿತು. ಎದುರಿಗೆ ಹರ್ಷವರ್ಧನ, ನಮ್ಮ ಗಣಿತದ ಮಾಸ್ತರ. ಖಡ್ಗ ಎತ್ತಿ, ಕಾಲು ಮುಂದಿಟ್ಟು, "ಉತ್ತರಾಪಥೇಶ್ವರ!" ಎಂದು ಗುಡುಗಿದೆ. ಗುಡುಗಿಗೆ ಹೊಟ್ಟೆ ಉಬ್ಬಿ ಇಳಿಯಿತು. ಹೊಟ್ಟೆಯ ಜೊತೆಗೆ ಗಂಟೂ ಇಳಿಯಿತು. ಒಂದು ಕೈಯಲ್ಲಿ ಖಡ್ಗ, ಇನ್ನೊಂದು ಕೈಯಲ್ಲಿ ಮಾನ ಹಿಡಿದು ದಕ್ಷಿಣಾಪಥದ ಒಡೆಯ ನಿಂತ. ಹರ್ಷ ನಗು ತಡೆಯಲಾರದೆ ಮೊಣಕಾಲೂರಿದ. ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ, 634ರಲ್ಲಿ, ರವಿಕೀರ್ತಿ ಸೋತ ಹರ್ಷನ ಹೆಸರಿನ ಮೇಲೇ ಶ್ಲೇಷೆ ಆಡಿದ್ದಾನೆ: ಹರ್ಷನಿಗೆ ಹರ್ಷವೇ ಹೋಯಿತೆಂದು. ನಮ್ಮ ನಾಟಕದಲ್ಲಿ ಹರ್ಷ ಉಳಿದದ್ದು ಸೋತವನೊಬ್ಬನಿಗೇ.

ಆಗ ಬಂದ ನೋಡಿ ಕಾಕಾ. ವಿಂಗಿನಿಂದ ಓಡಿ ಬಂದು, ಸಾವಿರ ಜನರೆದುರು, ಕೊರಳಿನ ಹಳದಿ ಟೇಪನ್ನು ಕಿತ್ತು ನನ್ನ ನಡುವಿಗೆ ಎರಡು ಕೈಯಿಂದ ಬಿಗಿದು, ಗಂಟು ಹಾಕಿ, ಅರಸನಿಗೆ ಮುಜುರೆ ಮಾಡಿ ಹೋದ. ಚಾಲುಕ್ಯ ಚಕ್ರವರ್ತಿ ಉಳಿದ ಯುದ್ಧವನ್ನು ಇಂಚುಪಟ್ಟಿ ಕಟ್ಟಿಕೊಂಡು ಗೆದ್ದ. ಮುಂದಿನ ಸಾಲಿನ ಹುಡುಗರು ಅಂಕಿ ಓದಿ ಕೂಗಿದರು.

ಮರುದಿನ ಸೇಡು ತೀರಿಸಿಕೊಳ್ಳಲು ಹೋದೆ. "ಕಾಕಾ, ಪುಲಕೇಶಿ ಕಾಲದಾಗ ಟೇಪು ಇತ್ತೇನು?"

ಅವನು ತಲೆ ಎತ್ತಲಿಲ್ಲ. "ಅದಕ್ಕ ಕಟಿಸೂತ್ರ ಅಂತಾರ. ಗುಹೆದಾಗ ಎಲ್ಲಾ ಮೂರ್ತಿಗೂ ಐತಿ, ನೋಡಿಲ್ಲೇನು?"

ನಾನು ನಕ್ಕೆ. ಅವನೂ ನಕ್ಕ. ಆಮೇಲೆ ಎದ್ದು ಒಳಗಿನಿಂದ ಒಂದು ಟ್ರಂಕು ಎಳೆದು ತಂದ. ನುಸಿಗುಳಿಗೆಯ ವಾಸನೆ. ಒಳಗೆ ಕೆಂಪು ಮಖಮಲ್ಲಿನ ಕೋಟು! ಚಮಕಿ ಅರ್ಧ ಉದುರಿತ್ತು. ಹರೆಯದಲ್ಲಿ ಬನಶಂಕರಿ ಜಾತ್ರೆಯಲ್ಲಿ ತಿಂಗಳುಗಟ್ಟಲೆ ಠಿಕಾಣಿ ಹೂಡುತ್ತಿದ್ದ ಕಂಪನಿಯೊಂದಕ್ಕೆ ರಾತ್ರಿಯೆಲ್ಲ ಕೂತು ಹೊಲಿಯುತ್ತಿದ್ದನಂತೆ. ಕಂಪನಿ ಮುಚ್ಚಿತು, ಕೂಲಿಯ ಬದಲು ಕೋಟು ಉಳಿಯಿತು. ಇಷ್ಟು ವರ್ಷ ನನ್ನ ಮಖಮಲ್ಲಿಗೆ ಕಲ್ಲು ಹೊಡೆದವನ ಮನೆಯಲ್ಲೇ ಅರಮನೆ!

ಮಾತಾಡಲು ಬಾಯಿ ತೆರೆದೆ. ಅವನು ಕೋಟನ್ನು ಒಳಮೈ ಹೊರಗಾಗಿ ತಿರುವಿದ. ಅಸ್ತರ ಹಳೆಯ ಇಳಕಲ್ ಸೀರೆಯದು. ತೊಳೆತೊಳೆದು ಮೆತ್ತಗಾದ ಹತ್ತಿ, ಬಗಲಲ್ಲಿ ಬೆವರಿನ ಕಲೆ. "ದೀಪದ ಬಿಸಿಗೆ ಮಖಮಲ್ಲು ಮೈ ಸುಡತಿತ್ತು. ನೋಡಾವ್ರಿಗೆ ಮಖಮಲ್ಲು, ತೊಟ್ಟಾವಗ ನೂಲು. ನಮ್ಮವ್ವನ ಸೀರಿ ಇದು" ಎಂದ. ಬೆರಳು ಒಂದು ಕಡೆ ನಿಂತಿತು. ಒಡಲಿನ ಹಾಸೂ ಸೆರಗಿನ ಹಾಸೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಜಾಗ. ತೋಪು ತೆನೆ ಸೆರಗು. ಇಳಕಲ್ಲಿನ ಮನೆಗಳಲ್ಲಿ ಹೆಂಗಸರು ಕೂತು ಈ ಕೊಂಡಿ ಹಾಕುತ್ತಾರೆ. ಇವನ ಅವ್ವನೂ ಹಾಕುತ್ತಿದ್ದಳಂತೆ. "ಇದನ್ನ ಹೊಲದಿಲ್ರಿ ಮಾಸ್ತರ, ಕೂಡಿಸ್ಯಾರ. ಐವತ್ತು ವರ್ಷ ಹೊಲದೀನಿ, ಇಂಥದ್ದೊಂದು ಹೊಲಿಗಿ ನನ್ನ ಕೈಲೆ ಬಂದಿಲ್ಲ."

ಮದುವೆಮನೆಯಲ್ಲಿ ಅವನು ಕಂಡವರ ಸೆರಗು ಹಿಡಿದು ತಿರುವುತ್ತಿದ್ದದ್ದು ಏನು ಹುಡುಕಲು ಎಂದು ನನಗೆ ಆಗ ತಿಳಿಯಿತು. ಪವರ್‌ಲೂಮಿನ ಅಗ್ಗದ ನಕಲಿನಲ್ಲಿ ಆ ಕೊಂಡಿ ಸಿಗುವುದಿಲ್ಲ. ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳ ಈಗ ಮನೆ ಬಿಟ್ಟು ಮನೆಗೆ ಕೇಳುತ್ತದೆ, ಮೊದಲಿನಂತೆ ಗೋಡೆಯಿಂದ ಗೋಡೆಗಲ್ಲ. ನಾವು ಸೀರೆಯ ಬೆಲೆ ಕೇಳುತ್ತೇವೆ, ಬಣ್ಣ ಕೇಳುತ್ತೇವೆ. ಹಾಸು ಯಾವುದು ಎಂದು ಕೇಳುವವನನ್ನು ಕಂಡರೆ ಕುರ್ಚಿ ಬೇರೆ ಕಡೆ ಸರಿಸಿಕೊಳ್ಳುತ್ತೇವೆ. ನಾನೂ ಸರಿಸಿಕೊಂಡಿದ್ದೇನೆ.

ಗಂಟಲು ಸ್ವಲ್ಪ ಕಟ್ಟಿತು. ಮುಂದಿನ ವರ್ಷವೂ ಪುಲಕೇಶಿ ನಾನೇ, ನೀನು ಹೇಳಿದ ಹಾಗೇ ಉಡುತ್ತೇನೆ ಕಾಕಾ, ಪಿನ್ನು ಕೇಳುವುದಿಲ್ಲ ಎಂದು ಮಾತು ಕೊಟ್ಟೆ.

ಕಾಕಾ ಟೇಪು ತೆಗೆದು ನನ್ನ ನಡುವಿಗೆ ಸುತ್ತಿದ. ಗೋಡೆಯ ಮೇಲಿನ 44ರ ಕೆಳಗೆ 45 ಬರೆದ. ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿದ.

"ಬ್ಯಾಡ್ರಿ ಮಾಸ್ತರ. ಈ ಸಲ ನೀವು ಹ್ಯೂಯೆನ್ ತ್ಸಾಂಗ್ ಆಗ್ರಿ. ಭಿಕ್ಷುಗಳ ಚೀವರ ಸಡಿಲ ಇರತೈತಿ, ಎಂಥಾ ಹೊಟ್ಟಿಗೂ ಹೊಂದತೈತಿ. ಮತ್ತ ಅದು ತುಂಡು ತುಂಡು ಬಟ್ಟಿ ಕೂಡಿಸಿ ಹೊಲಿಯೂದು" ಎಂದು ಮಷೀನಿನ ಮೇಲಿನ ಧೂಳು ಒರೆಸಿದ. "ನನಗೂ ಒಂದಿಷ್ಟು ಕೆಲಸ ಆಗತೈತಿ."