ಸಾಮೂಹಿಕ ಚಿತ್ರಕಥೆಯ ಸಂಪನ್ಮೂಲ ವ್ಯಕ್ತಿ

ಗುಂಪು ಸೇರಿ ಚಿತ್ರದಲ್ಲಿ ಕಥೆ ಕಟ್ಟಿಸುವ ಸಂಪನ್ಮೂಲ ವ್ಯಕ್ತಿ ಕೊಣನೂರು ಸೀಮೆಯ ಶಾಲೆಗಳಲ್ಲಿ ಕಲಿಕಾ ಹಬ್ಬ, ಬೇಸಿಗೆ ಶಿಬಿರಗಳ ಕಾಲಕ್ಕೆ ಕಾಣಸಿಗುತ್ತಾರೆ. ಹೆಗಲಲ್ಲಿ ಬಟ್ಟೆಯ ಚೀಲ, ಕಂಕುಳಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಶೀಟು, ಜೇಬಿನಲ್ಲಿ ಮುಚ್ಚಳ ಕಳೆದ ಸ್ಕೆಚ್ ಪೆನ್ನು ಇವರ ಗುರುತು. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಹನ್ನೊಂದಕ್ಕೆ ಬರುತ್ತಾರೆ. ತಪ್ಪು ಅರಕಲಗೂಡು ಬಸ್ಸಿನದು.

ಚಟುವಟಿಕೆಯ ನಿಯಮ ಸರಳ. ಒಂದು ತಂಡ ಕಥೆಯ ಮೊದಲ ಚಿತ್ರ ಬರೆಯುತ್ತದೆ. ಅದನ್ನು ನೋಡಿ ಮುಂದಿನ ತಂಡ ಮುಂದಿನ ಚಿತ್ರ ಬರೆಯುತ್ತದೆ. ದೊಡ್ಡವರು ಬಾಯಿ ಹಾಕುವಂತಿಲ್ಲ. ಈ ಕೊನೆಯ ನಿಯಮವನ್ನು ವಿವರಿಸಲು ಸಂಪನ್ಮೂಲ ವ್ಯಕ್ತಿಗೆ ಅರ್ಧ ಗಂಟೆ ಬೇಕು. ಸಾಕ್ಷಿಗೆ ಹಳೇಬೀಡು ಬರುತ್ತದೆ: 12ನೇ ಶತಮಾನದ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಹಲವು ಶಿಲ್ಪಿಗಳು ಸೇರಿ ರಾಮಾಯಣ, ಮಹಾಭಾರತ ಕೆತ್ತಿದರು. 2023ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಭಾಷಣ ಇನ್ನೈದು ನಿಮಿಷ ಬೆಳೆದಿದೆ.

ಎರಡನೆಯ ಹಂತ ತಂಡ ವಿಂಗಡಣೆ. ತಂಡಗಳಿಗೆ ನದಿಗಳ ಹೆಸರಿಡುವುದು ವಾಡಿಕೆ. ಕೊಣನೂರಿನಲ್ಲಿ ಇದು ಕಷ್ಟ. “ನಮ್ದು ಕಾವೇರಿ ದಡದ ಊರು, ನಮ್ಗ್ಯಾಕೆ ಸಾ ಶರಾವತಿ?” ಎಂಬ ತಕರಾರು ಏಳುತ್ತದೆ. ಕೊನೆಗೆ ಕಾವೇರಿ-ಎ, ಕಾವೇರಿ-ಬಿ, ಕಾವೇರಿ-ಸಿ ಎಂದು ರಾಜಿಯಾಗುತ್ತದೆ.

ಮೂರನೆಯ ಹಂತ ಕಥೆ. ಮೊದಲ ಹಾಳೆಯಲ್ಲಿ ಊರಿನ ತೂಗುಸೇತುವೆ ಬರುವುದು ಖಚಿತ; ಎರಡು ಕಂಬ, ನಡುವೆ ಬಾಗಿದ ಗೆರೆ, ಕೆಳಗೆ ಹೊಳೆ. ಎರಡನೆಯದರಲ್ಲಿ ಸೇತುವೆಯ ನಟ್ಟನಡುವೆ ಆನೆ. ಮೂರನೆಯದರಲ್ಲಿ ಆನೆ ಮುಸುಕಿನ ಜೋಳದ ಹೊಲ ಮುಗಿಸುತ್ತದೆ. ನಾಲ್ಕನೆಯದರಲ್ಲಿ ಅರಣ್ಯ ಇಲಾಖೆಯ ಜೀಪು. ಐದನೆಯದರಲ್ಲಿ ಹೊಗೆಸೊಪ್ಪಿನ ಘಾಟಿಗೆ ಆನೆ ಸೀನಿ, ಜೀಪು ಹೊಳೆಗೆ. ಆರನೆಯದರಲ್ಲಿ ಆನೆ ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಬೇಲಿನ ಮೇಲೆ ಕೂತು, ದರ ಸಾಲದೆಂದು ಮುನಿಸಿಕೊಂಡಿರುತ್ತದೆ. ಕಥೆ ಚೆನ್ನಾಗಿಯೇ ಸಾಗಿರುತ್ತದೆ.

ಬಾಯಿ ಹಾಕಬಾರದೆಂದವರು ಬಾಯಿ ಹಾಕುವುದು ಇಲ್ಲಿಯೇ. ಅವರ ಚೀಲದಲ್ಲಿ ‘ಪರಿಸರ ಉಳಿಸಿ’ ಎಂಬ ಅಕ್ಷರಗಳು ಹಿಂದಿನ ರಾತ್ರಿಯೇ ಥರ್ಮಾಕೋಲಿನಲ್ಲಿ ಕತ್ತರಿಸಿ ಸಿದ್ಧವಾಗಿರುತ್ತವೆ. ಕಥೆ ಎತ್ತ ಹೋದರೂ ಅಲ್ಲಿಗೇ ಬರಬೇಕು.

“ಮಕ್ಕಳೇ, ಕೊನೆಗೆ ಆನೆ ಒಂದು ಸಸಿ ನೆಟ್ಟರೆ ಹೇಗಿರುತ್ತೆ?”

“ನೆಟ್ರೆ ಅದ್ನೂ ತಿಂದ್ಬುಡ್ತದೆ ಸಾ.”

ಸಲಹೆ ಸ್ವಾಗತಾರ್ಹವೆಂದು ಘೋಷಿಸಿ, ಮಳೆ ಚಪ್ಪಾಳೆ ತಟ್ಟಿಸಿ, ಸಸಿಯನ್ನು ಅವರೇ ಬರೆದುಬಿಡುತ್ತಾರೆ.

ನಾಲ್ಕನೆಯ ಹಂತ ಪ್ರದರ್ಶನ. ಹೊಯ್ಸಳ ಶಿಲ್ಪಿಗಳು ತಾವು ಕೆತ್ತಿದ್ದರ ಅಡಿಯಲ್ಲಿ ತಮ್ಮ ಹೆಸರು ಕೊರೆದರು. ಮಲ್ಲಿತಮ್ಮನ ಹೆಸರು ಉಳಿದದ್ದು ಹಾಗೆ. ಇಲ್ಲಿ ಮಕ್ಕಳ ಹೆಸರು ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿರುತ್ತದೆ, ‘ಮಾರ್ಗದರ್ಶನ’ದವರದು ನೆತ್ತಿಯಲ್ಲಿ ಕೆಂಪು ಮಾರ್ಕರಿನಲ್ಲಿ.

ಕೊನೆಯದು ವರದಿ. ನಾಲ್ಕು ಕೋನಗಳಿಂದ ತೆಗೆದ ಫೋಟೋಗಳು ವಾಟ್ಸಾಪ್ ಗುಂಪಿಗೆ ಹೋಗುತ್ತವೆ. ಆನೆಗಿಂತ ಅವುಗಳಲ್ಲಿ ಸಂಪನ್ಮೂಲ ವ್ಯಕ್ತಿಯೇ ಹೆಚ್ಚು ಕಾಣುತ್ತಾರೆ. ‘ಮಕ್ಕಳು ಸ್ವತಂತ್ರವಾಗಿ ಕಥೆ ಕಟ್ಟಿದರು’ ಎಂದು ವರದಿಯಲ್ಲಿ ದಾಖಲಾಗುತ್ತದೆ. ಚಿತ್ರಗಳು ಮುಖ್ಯ ಶಿಕ್ಷಕರ ಬೀರುವಿನ ನೆತ್ತಿಗೇರುತ್ತವೆ. ಥರ್ಮಾಕೋಲ್ ಅಕ್ಷರಗಳನ್ನು ಮಾತ್ರ ಜೋಪಾನವಾಗಿ ಬಿಡಿಸಿ ಚೀಲಕ್ಕೆ ಹಾಕಿಕೊಳ್ಳಲಾಗುತ್ತದೆ: ನಾಳೆ ಪಕ್ಕದೂರಿನ ಮಕ್ಕಳು ಕಟ್ಟಲಿರುವ ಕಥೆಗೂ ನೀತಿ ಅದೇ.