ಸ್ಕೂಟರ್ ಹೇಳಿದ ವೇದಾಂತ

ನನ್ನ ಮೊದಲ ವಾಹನ ಸೆಕೆಂಡ್ ಹ್ಯಾಂಡ್ ಸ್ಕೂಟರ್. ಪಕ್ಕಕ್ಕೆ ವಾಲಿಸಿ ನಾಲ್ಕು ಸಲ ಒದ್ದರೆ ಮಾತ್ರ ಸ್ಟಾರ್ಟ್. ಒಳಾರ್ಥ ಈಗ ಹೊಳೆಯುತ್ತಿದೆ ಮಾರಾಯ್ರೆ: ಬಾಗದವರಿಗೆ ಏನೂ ಒಲಿಯದು!

ಉಡುಪಿಯಿಂದ ಮಣಿಪಾಲದ ಏರು ಬಂತೆಂದರೆ ಹೆಂಡತಿ ಇಳಿದು ನಡೆಯಬೇಕು. ಟೈಗರ್ ಸರ್ಕಲ್‌ಗೆ ಅವಳೇ ಮೊದಲು! ಅರ್ಥ: ಸಂಸಾರದಲ್ಲಿ ಗಂಡನದ್ದು ಬರೀ ಹಾರ್ನ್.

ಕಾಪುವಿನಲ್ಲಿ ಪೆಟ್ರೋಲ್ ಮುಗಿಯಿತು. 1901ರ ದೀಪಸ್ತಂಭ ಹಡಗುಗಳಿಗೆಲ್ಲ ದಾರಿ ತೋರಿಸುತ್ತದೆ, ಬಂಕಿಗೆ ಮಾತ್ರ ತೋರಿಸಲಿಲ್ಲ.

ಕಾರ್ಕಳದಲ್ಲಿ ಕೆಟ್ಟು ನಿಂತಾಗ ಕಣ್ಣೆತ್ತಿದರೆ ಗುಡ್ಡದ ಮೇಲೆ 42 ಅಡಿಯ ಗೊಮ್ಮಟ. 1432ರಿಂದ ನಿಂತೇ ಇದ್ದಾನೆ. ಅವನಿಗಿಲ್ಲದ ಅವಸರ ನನಗೆಂತಕ್ಕೆ? ಸ್ಪಾರ್ಕ್ ಪ್ಲಗ್ಗಿನ ಮಸಿ ಉಜ್ಜುತ್ತ ಕೂತೆ.

ಕೊನೆಗೆ ಗುಜರಿಯವನು ಕಬ್ಬಿಣಕ್ಕಷ್ಟೇ ದುಡ್ಡು ಕೊಟ್ಟ. ವೇದಾಂತಕ್ಕೆ ರೇಟಿಲ್ಲವಂತೆ. ನಿಮ್ಮ ಹಳೆಯ ಗಾಡಿಯನ್ನೂ ಕೊಟ್ಟುಬಿಡಿ; ಒಂದು ಕೀ ಮಾತ್ರ ಇಟ್ಟುಕೊಳ್ಳಿ.