ಎಡಕ್ಕೆ ಎಂಟು, ಬಲಕ್ಕೆ ಎಂಟು

ಹೊರನಾಡ ಕನ್ನಡಿಗರ ಮನೆಗಳಲ್ಲಿ ಕುಣಿತದ ಖಾತೆ ಯಾವತ್ತೂ ಮಕ್ಕಳದು. ಹಣಕಾಸು ಗಂಡನದು, ಗೃಹ ಹೆಂಡತಿಯದು, ಊರಿಂದ ಅತ್ತೆ ಬಂದಿದ್ದರೆ ವಿದೇಶಾಂಗ ಅವರದು. ಶನಿವಾರ ಬೆಳಿಗ್ಗೆ ಮಗಳನ್ನು ಭರತನಾಟ್ಯಕ್ಕೆ ಬಿಟ್ಟು, ಹೊರಗೆ ಕಾರಿನಲ್ಲಿ ಹೀಟರ್ ಹಾಕಿಕೊಂಡು, ಫ್ಲಾಸ್ಕಿನ ಕಾಫಿ ಕುಡಿಯುತ್ತ ಕೂತರೆ ತಂದೆತಾಯಿಯ ಕಲಾಸೇವೆ ಮುಗಿಯಿತು. ರಾಜ್ಯೋತ್ಸವದ ದಿನ ಮಕ್ಕಳು ವೇದಿಕೆ ಹತ್ತುತ್ತಾರೆ, ನಾವು ಫೋನು ಎತ್ತುತ್ತೇವೆ. ನಮ್ಮನೆಯಲ್ಲಿರುವ ಅಂಥ ವಿಡಿಯೋಗಳಲ್ಲಿ ಮಗಳಿಗಿಂತ ಮುಂದಿನ ಸಾಲಿನವರ ಫೋನುಗಳೇ ಹೆಚ್ಚು ಕುಣಿದಿವೆ.

ಈ ಏರ್ಪಾಡು ಬೇರೆ ಕಡೆ ನಡೆದೀತು. ಎಡಿನ್‌ಬರೋದಲ್ಲಿ ನಡೆಯುವುದಿಲ್ಲ. ಸ್ಕಾಟ್ಲೆಂಡಿನವರಿಗೆ ಮದುವೆಯಾದರೂ ಕುಣಿತ, ಆಸ್ಪತ್ರೆಯ ಕ್ರಿಸ್‌ಮಸ್ ಪಾರ್ಟಿಯಾದರೂ ಕುಣಿತ, ಶಾಲೆಗೆ ಚಂದಾ ಎತ್ತಬೇಕಾದರೂ ಕುಣಿತ. ಜನವರಿ 25, ಅವರ ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ. ಅವತ್ತು ಊಟವಾಗಿ ಮೇಜು ಕುರ್ಚಿಗಳನ್ನು ಗೋಡೆಗೆ ಸರಿಸಿದರೆಂದರೆ ಕೇಲಿ ಎಂಬ ಕುಣಿತದ ಕೂಟ ಶುರುವಾಯಿತೆಂದೇ ಅರ್ಥ. ಪಿಟೀಲು, ಅಕಾರ್ಡಿಯನ್, ಡ್ರಮ್ಮು. ಮೈಕ್ ಹಿಡಿದು ಹೆಜ್ಜೆ ಕೂಗಿ ಹೇಳುವವರೊಬ್ಬರು. ಅಜ್ಜನಿಂದ ಮೊಮ್ಮಗಳವರೆಗೆ ಎಲ್ಲರಿಗೂ ಬರುತ್ತದೆ. ಯಾಕೆಂದರೆ ಡಿಸೆಂಬರ್ ಬಂತೆಂದರೆ ಇಲ್ಲಿನ ಶಾಲೆಗಳಲ್ಲಿ ಪಿ.ಇ. ಪೀರಿಯಡ್ಡಿಗೆ ಇದನ್ನೇ ಕಲಿಸುತ್ತಾರೆ. ಹುಡುಗ ಹುಡುಗಿಯರು ಕೈ ಹಿಡಿಯಲೇಬೇಕು. ನಮ್ಮ ಮಗಳು ಹೇಳುವ ಪ್ರಕಾರ ಎಲ್ಲರೂ ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೂ ಎಳೆದುಕೊಂಡು ಮಡಿಯಲ್ಲಿ ಹಿಡಿಯುತ್ತಾರೆ.

ಇಂಥ ಸಮಾರಂಭಗಳಲ್ಲಿ ನಮಗೂ ಒಂದು ಗೌರವದ ಸ್ಥಾನವಿತ್ತು: ಕೋಟು ಕಾಯುವುದು. ಎಲ್ಲರ ಕೋಟು, ಎಲ್ಲರ ಹ್ಯಾಂಡ್‌ಬ್ಯಾಗು, ಒಮ್ಮೊಮ್ಮೆ ಎಲ್ಲರ ಕೂಸು. ನಮ್ಮವರು ಅರಿವಳಿಕೆ ತಜ್ಞರು. ಎಚ್ಚರವಿದ್ದವರನ್ನು ಮಲಗಿಸುವುದು ಅವರ ವೃತ್ತಿ, ಕೂತವರನ್ನು ಎಬ್ಬಿಸಿ ಕುಣಿಸುವುದಲ್ಲ. ಯಾರಾದರೂ ಕೈ ಚಾಚಿ ಕರೆದರೆ ‘ಮಂಡಿನೋವು’ ಅನ್ನುತ್ತಿದ್ದರು. ಒಂದು ಪಾರ್ಟಿಯಲ್ಲಿ ಹಾಗೆ ಕರೆದವರು ಮೂಳೆ ಡಾಕ್ಟರು. ಆ ಮಹಾನುಭಾವ ಅಲ್ಲೇ ನೆಲದ ಮೇಲೆ ಕೂತು ಇವರ ಮಂಡಿಯನ್ನು ಮಡಚಿ, ಬಿಡಿಸಿ, ತಟ್ಟಿ ನೋಡಿ, ನೂರಾರು ಜನರ ಮುಂದೆ ‘ಏನೂ ಆಗಿಲ್ಲ’ ಎಂದು ಫಿಟ್‌ನೆಸ್ ಸರ್ಟಿಫಿಕೇಟು ಕೊಟ್ಟುಬಿಟ್ಟರು. ಮರುವಾರವೇ ಹತ್ತಿರದ ಚರ್ಚ್ ಹಾಲಿನಲ್ಲಿ ಗುರುವಾರ ಸಂಜೆ ನಡೆಯುವ ದೊಡ್ಡವರ ಆರಂಭಿಕ ಕುಣಿತದ ತರಗತಿಗೆ ನಮ್ಮಿಬ್ಬರ ಹೆಸರು ಸೇರಿತು. ಸೇರಿಸಿದ್ದು ನಾನು.

ಮನೆಯಲ್ಲಿ ಇದಕ್ಕೆ ಬಂದ ದೊಡ್ಡ ವಿರೋಧ ಮಗಳದು. “ಅಮ್ಮಾ, ಕಲಿತರೆ ಕಲೀರಿ, ನಮ್ಮ ಸ್ಕೂಲಿಗೆ ಮಾತ್ರ ಬಂದು ಮಾಡಬೇಡಿ” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಬರ್ನ್ಸ್ ಕವಿಯೂ ಹದಿಹರೆಯದಲ್ಲಿ ಅಪ್ಪನಿಗೆ ಇಷ್ಟವಿಲ್ಲದಿದ್ದರೂ ಹಳ್ಳಿಯ ಡಾನ್ಸ್ ಸ್ಕೂಲಿಗೆ ಸೇರಿದವನೇ. 1787ರಲ್ಲಿ ಬರೆದ ಒಂದು ಪತ್ರದಲ್ಲಿ ತಾನೇ ಅದನ್ನು ಹೇಳಿಕೊಂಡಿದ್ದಾನೆ. ಅವನು ಅಪ್ಪನ ಮಾತು ಮೀರಿದ, ನಾವು ಮಗಳ ಮಾತು ಮೀರಿದೆವು. ಕಾಲ ಬದಲಾಗಿದೆ.

ಅತ್ತೆ ಆಗತಾನೆ ಆರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಂದಿದ್ದರು. ಈ ಊರಿನಲ್ಲಿ ಡಿಸೆಂಬರ್ ತಿಂಗಳು ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಅಷ್ಟು ಕತ್ತಲಲ್ಲಿ ಅವರನ್ನು ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ? ಮಂಕಿಕ್ಯಾಪು, ಶಾಲು, ಸೀರೆಯ ಕೆಳಗೆ ಎರಡು ಜೊತೆ ಕಾಲುಚೀಲ, ಕೈಯಲ್ಲಿ ಕೋಡುಬಳೆ ಡಬ್ಬಿ. ಹಾಲಿನಲ್ಲಿ ಚಹಾದ ದೊಡ್ಡ ಪಾತ್ರೆಯ ಪಕ್ಕ ಬೆಚ್ಚಗಿರುವ ಕುರ್ಚಿ ಹಿಡಿದು ಕೂತರು. ಕೋಟು ಕಾಯುವ ಹುದ್ದೆ ತೆರವಾಗಿ ಒಂದು ನಿಮಿಷವೂ ಖಾಲಿ ಇರಲಿಲ್ಲ.

ಟೀಚರಮ್ಮನಿಗೆ ಎಪ್ಪತ್ತು ದಾಟಿರಬೇಕು. ನೆಲಕ್ಕೆ ತಾಗದೆ ನಡೆಯುತ್ತಿದ್ದರು. ಮೊದಲ ದಿನ ಇತಿಹಾಸದ ಪಾಠ: ಇಪ್ಪತ್ತನೆಯ ಶತಮಾನದ ಶುರುವಿಗೆ ಈ ಕುಣಿತಗಳು ಜನಕ್ಕೆ ಮರೆತುಹೋಗುತ್ತ ಬಂದಿದ್ದವು, 1923ರಲ್ಲಿ ಗ್ಲಾಸ್ಗೋದಲ್ಲಿ ಜೀನ್ ಮಿಲಿಗನ್, ಇಸಬೆಲ್ ಸ್ಟುವರ್ಟ್ ಎಂಬಿಬ್ಬರು ಹೆಂಗಸರು ಸೊಸೈಟಿ ಕಟ್ಟಿ, ಹಳೆಯ ನೃತ್ಯಗಳನ್ನು ಹುಡುಕಿ ತೆಗೆದು, ಪುಸ್ತಕ ಮಾಡಿ, ಪಾದ ಎಲ್ಲಿಡಬೇಕು ಎನ್ನುವವರೆಗೆ ಕ್ರಮ ಹಾಕಿದರು. ಮಿಲಿಗನ್ ವ್ಯಾಯಾಮ ಶಿಕ್ಷಣದವರು ಎಂದು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. “ಪಿ.ಟಿ. ಮೇಡಮ್ಮು ಅಂತ ಹೆಜ್ಜೆ ನೋಡಿದ್ರೇನೇ ಗೊತ್ತಾಗುತ್ತಲ್ಲೇ” ಅಂದರು.

ಕಲಿಕೆ ಶುರುವಾಗಿದ್ದು ಗೇ ಗಾರ್ಡನ್ಸ್‌ನಿಂದ. ಗಾರ್ಡನ್ ಹೈಲ್ಯಾಂಡರ್ಸ್ ಎಂಬ ಸೇನಾ ತುಕಡಿಯ ನೆನಪಿನ ಹೆಸರು. ಗಂಡಸು ತನ್ನ ಬಲಗೈಯನ್ನು ಹೆಂಗಸಿನ ಬೆನ್ನ ಹಿಂದಿನಿಂದ ತಂದು ಅವಳ ಬಲಭುಜದ ಮೇಲೆ ಅವಳ ಕೈ ಹಿಡಿಯಬೇಕು. ಇವರು ನನ್ನ ಭುಜದ ಮೇಲೆ ಜನರೆದುರು ಕೈ ಹಾಕಿದ್ದು ಮದುವೆಯ ದಿನ ಫೋಟೋದವನ ಒತ್ತಾಯಕ್ಕೆ, ಅದೂ ಅವನು ಮೂರು ಸಲ ಹೇಳಿದ ಮೇಲೆ. ಈಗ ಸ್ವಂತ ತಾಯಿ ಎದುರಿಗೆ ಕೂತಿದ್ದಾರೆ. ಇವರ ಕೈ ನನ್ನ ಭುಜದಿಂದ ನಾಲ್ಕು ಬೆರಳು ಮೇಲೆ ಗಾಳಿಯಲ್ಲೇ ನಿಂತಿತು. “ಹಿಡ್ಕೊಳ್ಳೋ, ಬೀಳ್ತಾಳೆ ಅವಳು!” ಎಂದು ಆ ಕಡೆಯಿಂದ ಅಪ್ಪಣೆಯಾದ ಮೇಲೆಯೇ ಕೆಳಗಿಳಿದದ್ದು.

ಹಿಡಿದಾದ ಮೇಲೆ ಮುಂದಕ್ಕೆ ನಾಲ್ಕು ಹೆಜ್ಜೆ, ಗಿರಕ್ಕನೆ ತಿರುಗಿ ಅದೇ ದಿಕ್ಕಿಗೆ ಹಿಂದುಹಿಂದಕ್ಕೆ ನಾಲ್ಕು ಹೆಜ್ಜೆ. ಇವರು ಹಿಂದಕ್ಕೆ ಹೋಗುವ ಕೆಲಸವನ್ನು ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗಿನಲ್ಲೇ ನನಗೆ ಬಿಟ್ಟುಕೊಡುವವರು. ಇಲ್ಲಿ ಕೀ ಕೊಟ್ಟು ಇಳಿದುಹೋಗುವ ಹಾಗಿಲ್ಲ. ಪ್ರತಿ ಹೆಜ್ಜೆಗೂ ಹಿಂದೆ ತಿರುಗಿ ನೋಡಿ, ಯಾರಿಗೂ ತಾಗುವ ಮೊದಲೇ ‘ಸಾರಿ’ ಹೇಳಿ, ಆಮೇಲೆ ತಾಗಿಸುತ್ತಿದ್ದರು.

ಸ್ಟ್ರಿಪ್ ದ ವಿಲೋ ಬಗ್ಗೆ ಹೆಚ್ಚು ಹೇಳಲಾರೆ, ಅದರಲ್ಲಿ ನನಗೆ ಹೆಚ್ಚು ಏನೂ ಕಾಣಿಸಲಿಲ್ಲ. ಎದುರುಬದುರು ಎರಡು ಸಾಲು. ಗಂಡನ ತೋಳಿಗೆ ತೋಳು ಸಿಕ್ಕಿಸಿ ಗರಗರ ಸುತ್ತು, ಬಿಡು, ಎದುರು ಸಾಲಿನ ಒಬ್ಬನ ತೋಳಿಗೆ ಸಿಕ್ಕಿಸಿ ಸುತ್ತು, ಮತ್ತೆ ಗಂಡ, ಮತ್ತೆ ಇನ್ನೊಬ್ಬ. ಹೀಗೆ ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಯಾರು ಗಂಡ ಎನ್ನುವುದನ್ನು ಅಂಗಿಯ ಬಣ್ಣದಿಂದ ಗುರುತಿಸಬೇಕು. ಆ ವಾರ ಕ್ಲಿನಿಕ್ಕಿಗೆ ರಕ್ತ ಪರೀಕ್ಷೆಗೆಂದು ಹೋದಾಗ ತೋಳಿನ ಮೇಲಿದ್ದ ನೀಲಿ ಕಲೆಗಳನ್ನು ನೋಡಿ ನರ್ಸಮ್ಮ ಬಾಗಿಲು ಮುಚ್ಚಿ, ಕುರ್ಚಿ ಹತ್ತಿರ ಎಳೆದುಕೊಂಡು, ತಗ್ಗಿದ ದನಿಯಲ್ಲಿ “ಮನೆಯಲ್ಲಿ ಎಲ್ಲಾ ಸರಿಯಾಗಿದೆಯಾ?” ಎಂದು ಕೇಳಿದಳು. ನಾನು “ಸ್ಟ್ರಿಪ್ ದ ವಿಲೋ” ಅಂದೆ. ಅವಳು ಮಾತಾಡದೆ ತನ್ನ ತೋಳಿನ ಬಟ್ಟೆ ಮೇಲಕ್ಕೆತ್ತಿ ತನ್ನವನ್ನೂ ತೋರಿಸಿದಳು. ಅವಳ ತಮ್ಮನ ಮದುವೆ ಹಿಂದಿನ ಶನಿವಾರ ಆಗಿತ್ತಂತೆ.

ಅತ್ತೆ ಕೂತಲ್ಲೇ ಕಲಿಯುತ್ತಿದ್ದುದು ನಮ್ಮ ಗಮನಕ್ಕೆ ತಡವಾಗಿ ಬಂತು. ಅವರು ತಿರುಮಕೂಡಲು ನರಸೀಪುರದವರು, ಪಿಟೀಲು ಚೌಡಯ್ಯನವರ ಸೀಮೆ. ಚಿಕ್ಕಂದಿನಲ್ಲಿ ಜೂನಿಯರ್ ಪರೀಕ್ಷೆವರೆಗೆ ಸಂಗೀತ ಹೇಳಿಸಿಕೊಂಡವರು. ಪಿಟೀಲು ಶುರುವಾದೊಡನೆ ಅವರ ಬಲಗೈ ತಾನಾಗಿ ತೊಡೆಗೆ ಹೋಗುತ್ತಿತ್ತು. ರೀಲ್ ಬಂದರೆ “ಇದು ಚತುರಶ್ರ”, ಜಿಗ್ ಬಂದರೆ “ಓ, ತಿಶ್ರಕ್ಕೆ ಬಿಟ್ಟ ನೋಡು.” ಈ ಕುಣಿತಗಳಲ್ಲಿ ಹೆಚ್ಚಿನವಕ್ಕೆ ಮೂವತ್ತೆರಡು ಆವರ್ತದ ಲೆಕ್ಕ, ಎಂಟೆಂಟರ ನಾಲ್ಕು ತುಂಡು. ಎಂಟು ಮುಗಿಯುವಷ್ಟರಲ್ಲಿ ಸಂಗೀತವೇ ತಿರುಗಲು ಹೇಳುತ್ತದೆ. ನಮ್ಮವರಿಗೆ ಮಾತ್ರ ಅದು ಒಂಬತ್ತನೆಯದಕ್ಕೆ ಕೇಳಿಸುತ್ತಿತ್ತು. ಒಂದು ಸಂಜೆ ಅತ್ತೆಗೆ ತಡೆಯಲಾಗದೆ, ಹಾಲು ಮೊಳಗುವ ಹಾಗೆ, “ಏಳು, ಎಂಟು, ತಿರುಗೋ!” ಎಂದು ಕೂಗಿದರು. ಇವರು ತಿರುಗಿದರು. ಇವರ ಜೊತೆ ಇಡೀ ಹಾಲೂ ತಿರುಗಿತು. ಟೀಚರಮ್ಮನಿಗೆ ಇದು ಎಷ್ಟು ಹಿಡಿಸಿತೆಂದರೆ ಆವತ್ತಿನಿಂದ ತಾವೂ ಹಾಗೆಯೇ ಕೂಗತೊಡಗಿದರು. ಈಗ ಆ ಪೇಟೆಯ ನಿವೃತ್ತ ವಕೀಲರು, ಲೈಬ್ರರಿಯವರು, ಪಾದ್ರಿಗಳು ಎಲ್ಲರಿಗೂ ಒಂದು ಕನ್ನಡ ಪದ ಬರುತ್ತದೆ, ಏಕವಚನದಲ್ಲಿ.

ಡ್ಯಾಶಿಂಗ್ ವೈಟ್ ಸಾರ್ಜೆಂಟ್ ಕಲಿಸಿದ ದಿನ ಒಬ್ಬರು ಕಡಿಮೆ ಬಿದ್ದರು. ಇದರಲ್ಲಿ ಮೂವರ ಎದುರಿಗೆ ಮೂವರು. ನಡುವೆ ಒಬ್ಬ ಗಂಡಸು, ಎಡಬಲಕ್ಕೆ ಒಬ್ಬೊಬ್ಬ ಹೆಂಗಸು. ಟೀಚರಮ್ಮ ಚಹಾ ಪಾತ್ರೆಯ ಕಡೆ ನೋಡಿ ಕೈ ಚಾಚಿದರು. ಅತ್ತೆ “ಅಯ್ಯೋ ನನಗೆಲ್ಲಿ” ಅಂದರು, ಅಷ್ಟರೊಳಗೆ ಶಾಲನ್ನು ಸೊಂಟಕ್ಕೆ ಬಿಗಿದೂ ಆಗಿತ್ತು.

ನಡುವಿನ ಗಂಡಸಿನ ಕೆಲಸ ಇಷ್ಟೇ: ಮೊದಲು ಬಲಗಡೆಯವಳ ಕಡೆ ತಿರುಗಿ ವಿನಯ ತೋರಿಸಿ ಕೈ ಹಿಡಿದು ಒಂದು ಸುತ್ತು, ತಕ್ಷಣ ಎಡಗಡೆಯವಳ ಕಡೆ ತಿರುಗಿ ಅಷ್ಟೇ ವಿನಯ, ಅಷ್ಟೇ ಸುತ್ತು. ಒಬ್ಬಳಿಗೆ ಒಂದು ಎಣಿಕೆ ಹೆಚ್ಚಾದರೆ ಇನ್ನೊಬ್ಬಳಿಗೆ ಕಡಿಮೆಯಾಯಿತು. ಆಮೇಲೆ ಇಬ್ಬರ ನಡುವೆ ಯಾರಿಗೂ ತಾಗದಂತೆ ಎಂಟರ ಆಕಾರದಲ್ಲಿ ನುಸುಳಿಕೊಂಡು ಹೊರಬರಬೇಕು. ಬಲಕ್ಕೆ ತಾಯಿ, ಎಡಕ್ಕೆ ನಾನು. ವಾರಗಟ್ಟಲೆ ಪಾದ ತಪ್ಪುತ್ತಿದ್ದ ಮನುಷ್ಯ ಅವತ್ತು ಒಂದು ಹೆಜ್ಜೆ ತಪ್ಪಲಿಲ್ಲ. ಟೀಚರಮ್ಮ ನಿಲ್ಲಿಸಿ, ಎಲ್ಲರೂ ಇವರನ್ನು ನೋಡಿ ಕಲಿಯಿರಿ, ಇದನ್ನು ಮೊದಲೇ ಅಭ್ಯಾಸ ಮಾಡಿದ್ದಿರಾ ಎಂದು ಕೇಳಿದರು. ನಮ್ಮವರು ನೆಲ ನೋಡಿದರು.

ತಕರಾರು ಬಂದಿದ್ದು ಚಕ್ರದಲ್ಲಿ. ಶುರುವಿನಲ್ಲಿ ಆರೂ ಜನ ಕೈ ಹಿಡಿದು ಎಡಕ್ಕೆ ಎಂಟು ಹೆಜ್ಜೆ ಸುತ್ತುತ್ತಾರೆ, ಆಮೇಲೆ ಬಲಕ್ಕೆ ಎಂಟು. ಎಡಕ್ಕೆ ಹೋದರೆ ನಡುವಿನ ಜಾಗ ಬಲಗೈ ಕಡೆ ಬರುತ್ತದೆ. ಅಂದರೆ ಪ್ರದಕ್ಷಿಣೆ. ಅತ್ತೆ ಸಂತೋಷವಾಗಿ ಸುತ್ತಿದರು. ವಾಪಸ್ ತಿರುಗುವ ಹೊತ್ತಿಗೆ ಗೂಟ ಹೊಡೆದ ಹಾಗೆ ನಿಂತರು. ಐವರು ಎಳೆದರೂ ಕದಲಲಿಲ್ಲ. “ಸುತ್ತಿದ ಪುಣ್ಯವನ್ನೆಲ್ಲ ವಾಪಸ್ ಸುತ್ತಿ ಕಳಕೋಬೇಕೇನು?”

ನಾನು ನಾಚುತ್ತ ಅನುವಾದಿಸಿದೆ. ಟೀಚರಮ್ಮ ನಗಲಿಲ್ಲ. ಅವರ ಹೈಲ್ಯಾಂಡ್ ಕಡೆಯ ಹಳಬರೂ ಸೂರ್ಯ ಹೋಗುವ ದಿಕ್ಕಿಗೇ ಸುತ್ತುತ್ತಿದ್ದರಂತೆ. ಬಾವಿಗೂ ಹಾಗೆಯೇ, ಸಮಾಧಿಗೂ ಹಾಗೆಯೇ. ಮೀನಿಗೆ ಹೊರಟ ದೋಣಿಯನ್ನೂ ಮೊದಲು ಆ ಕಡೆಗೇ ತಿರುಗಿಸುತ್ತಿದ್ದರಂತೆ, ಎದುರು ದಿಕ್ಕು ಅಪಶಕುನವಂತೆ. ಇದನ್ನು ಕೇಳಿದ್ದೇ ಅತ್ತೆ ಆಕೆಯ ಕೈ ಹಿಡಿದುಕೊಂಡು, “ನೋಡಿದ್ಯಾ, ತಿಳಿದವಳು” ಅಂದರು. ಕೋಡುಬಳೆ ಡಬ್ಬಿ ಅವತ್ತು ಪೂರ್ತಿ ಟೀಚರಮ್ಮನ ಪಾಲಾಯಿತು. ಬಲಕ್ಕೆ ಎಂಟು ಮಾತ್ರ ಅತ್ತೆ ಕೊನೆಯವರೆಗೂ ಹಾಕಲಿಲ್ಲ. ಆ ಎಂಟು ಎಣಿಕೆ ಅವರು ಕೈಬಿಟ್ಟು ಹೊರಗೆ ನಿಲ್ಲುತ್ತಿದ್ದರು, ನಾವು ಐವರು ಪುಣ್ಯ ಕಳೆದುಕೊಂಡು ಬರುತ್ತಿದ್ದೆವು.

ಚಹಾ ಬಿಡುವಿನಲ್ಲಿ ಒಮ್ಮೆ 51ನೇ ಡಿವಿಷನ್ ರೀಲ್‌ನ ಕಥೆ ಬಂತು. 1940ರ ಜೂನಿನಲ್ಲಿ ಫ್ರಾನ್ಸಿನ ಸೇಂಟ್ ವಲೆರಿಯಲ್ಲಿ ಸೆರೆಸಿಕ್ಕ ಹೈಲ್ಯಾಂಡ್ ಸೈನಿಕರು ಜರ್ಮನಿಯ ಲಾಫೆನ್ ಕೋಟೆಯ ಸೆರೆಮನೆಯಲ್ಲಿ ಕೂತು ಕಟ್ಟಿದ ಕುಣಿತ ಅದು. ನಡುವೆ ಅವರು ಕರ್ಣರೇಖೆಯಲ್ಲಿ ಕೈ ಹಿಡಿದು ನಿಂತರೆ ಸ್ಕಾಟ್ಲೆಂಡ್ ಬಾವುಟದ ಶಿಲುಬೆ ಮೂಡುತ್ತದೆ. ಹೆಂಗಸರಿಲ್ಲ, ಗಂಡಸರೇ ಎರಡೂ ಪಾತ್ರ. ನಾವೆಲ್ಲ ಸುಮ್ಮನಾದೆವು. ಅತ್ತೆ ಮಾತ್ರ “ಪಾಪ, ಊಟಕ್ಕೆ ಏನು ಕೊಡ್ತಿದ್ರಂತೆ, ಕೇಳು” ಅಂದರು. ನನಗೆ ಇವತ್ತಿಗೂ ಅನ್ನಿಸುವುದು, ಆ ಸಂಜೆ ಕೇಳಿದ ಪ್ರಶ್ನೆಗಳಲ್ಲಿ ಸರಿಯಾದದ್ದು ಅದೊಂದೇ.

ವೀಸಾ ಮುಗಿಯುವ ಮುಂಚೆ ಅತ್ತೆ ಮೈಸೂರಿಗೆ ಹೊರಟರು. ಹೊರಡುವಾಗ ಟೀಚರಮ್ಮನಿಂದ ಒಂದಿಷ್ಟು ರೀಲ್‌ಗಳನ್ನು ಫೋನಿಗೆ ಹಾಕಿಸಿಕೊಂಡಿದ್ದು ನಮಗೆ ಗೊತ್ತಿರಲಿಲ್ಲ. ಹೋದ ತಿಂಗಳು ಒಂದು ವಿಡಿಯೋ ಬಂತು. ಕುವೆಂಪುನಗರದ ಪಾರ್ಕು, ಬೆಳಗಿನ ಹೊತ್ತು, ಭಜನಾ ಮಂಡಳಿಯ ಹೆಂಗಸರು. ಮೂವರ ಎದುರು ಮೂವರು. ಸೀರೆ, ಸ್ವೆಟರು, ಕ್ಯಾನ್ವಾಸ್ ಶೂ. ಹಿನ್ನೆಲೆಯಲ್ಲಿ ಅಕಾರ್ಡಿಯನ್ನು, ಅದರ ಮೇಲೆ ಯಾರೋ ತಾಳ ತಟ್ಟುತ್ತಿದ್ದಾರೆ. ಎಡಕ್ಕೆ ಎಂಟು ಸುತ್ತಿದರು. ಮತ್ತೆ ಎಡಕ್ಕೆ ಎಂಟು. ಮತ್ತೂ ಎಡಕ್ಕೇ. ವಿಡಿಯೋ ಮುಗಿದರೂ ಚಕ್ರ ನಿಂತಿರಲಿಲ್ಲ.

ನಮ್ಮವರು ಎರಡೆರಡು ಸಲ ನೋಡಿ, ಗಂಭೀರವಾಗಿ ವಾಯ್ಸ್ ಮೆಸೇಜ್ ಕಳಿಸಿದರು: “ಅಮ್ಮಾ, ಚೆನ್ನಾಗಿದೆ, ಆದರೆ ಎಂಟಕ್ಕೆ ತಿರುಗಬೇಕಲ್ಲಮ್ಮಾ, ಬಲಕ್ಕೆ ಎಂಟು ಎಲ್ಲಿ ಹೋಯ್ತು?”

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು.

“ಅದನ್ನ ನೀನು ಅಲ್ಲೇ ಹಾಕ್ಕೊಳೋ. ಒಂಬತ್ತಕ್ಕೆ ತಿರುಗೋನು ನನಗೆ ಹೇಳಿಕೊಡೋಕೆ ಬಂದ.”